ಎರಡು ಆಸ್ಪತ್ರೆಗಳ ನಡುವಿನ ದಾರಿ

ಜರ್ಮನಿಯ ಕೈಸರ್ಸ್‌ಲೌಟರ್ನ್‌ನಿಂದ ಪಶ್ಚಿಮಕ್ಕೆ ಹೋಗುವ ರೈಲಿನಲ್ಲಿ ಕಾಲು ಗಂಟೆ ಕೂತರೆ ಲ್ಯಾಂಡ್‌ಸ್ಟೂಲ್ ಬರುತ್ತದೆ. ಎಡಗಡೆ ಕಿಟಕಿಯಾಚೆ ಬೀಚ್ ಮತ್ತು ಪೈನ್ ಮರಗಳ ಗುಡ್ಡಸಾಲು. ಅದರಲ್ಲೊಂದರ ನೆತ್ತಿಯ ಮೇಲೆ ಕೆಂಪು ಮರಳುಗಲ್ಲಿನ ಪಾಳುಕೋಟೆ, ನಾನ್‌ಸ್ಟೈನ್. 1523ರಲ್ಲಿ ಮೂವರು ಸಂಸ್ಥಾನಿಕರು ಒಟ್ಟಾಗಿ ಬಂದು ಫಿರಂಗಿ ಹಾರಿಸಿದಾಗ ಕೋಟೆಯ ಒಡೆಯ ಫ್ರಾಂಜ್ ಫಾನ್ ಸಿಕಿಂಗೆನ್ ಗಾಯಗೊಂಡು ಒಳಗೇ ಪ್ರಾಣ ಬಿಟ್ಟ. ಅದೇ ಊರಿನ ಇನ್ನೊಂದು ಗುಡ್ಡದ ಮೇಲೆ ಅಮೆರಿಕದ ಸೇನೆ 1953ರಿಂದ ಆಸ್ಪತ್ರೆ ನಡೆಸುತ್ತಿದೆ. ತನ್ನ ದೇಶದ ಹೊರಗೆ ಆ ಸೇನೆಗಿರುವ ಅತಿ ದೊಡ್ಡ ಆಸ್ಪತ್ರೆ ಅದು.

1983ರಲ್ಲಿ ಬೈರೂತ್‌ನ ಸೇನಾ ವಸತಿಯಲ್ಲಿ ಬಾಂಬ್ ಸಿಡಿದಾಗ ಗಾಯಾಳುಗಳಲ್ಲಿ ಹಲವರನ್ನು ತಂದದ್ದು ಇಲ್ಲಿಗೆ. ಇರಾಕ್, ಅಫ್ಘಾನಿಸ್ತಾನಗಳಿಂದ ವರ್ಷಗಟ್ಟಲೆ ರಾಮ್‌ಸ್ಟೈನ್ ವಾಯುನೆಲೆಗೆ ಬಂದಿಳಿದವರನ್ನು ಬಸ್ಸಿನಲ್ಲಿ ಮಲಗಿಸಿ ಈ ಗುಡ್ಡ ಹತ್ತಿಸಿದರು. 2021ರ ಆಗಸ್ಟಿನಲ್ಲಿ ಕಾಬೂಲ್ ಬಿಟ್ಟುಬಂದ ಬಸುರಿಯೊಬ್ಬಳಿಗೆ ಸಿ-17 ವಿಮಾನದಲ್ಲೇ ನೋವು ಶುರುವಾಯಿತು. ಅವಳ ರಕ್ತದೊತ್ತಡ ಕುಸಿದಾಗ, ಒಳಗಿನ ಗಾಳಿಯ ಒತ್ತಡ ಹೆಚ್ಚಲೆಂದು ಪೈಲಟ್ ವಿಮಾನವನ್ನು ಕೆಳಮಟ್ಟಕ್ಕೆ ಇಳಿಸಿ ಹಾರಿಸಿದ. ರಾಮ್‌ಸ್ಟೈನ್‌ನಲ್ಲಿ ಇಳಿದ ವಿಮಾನದ ಸರಕಿನ ಅಂಕಣದಲ್ಲೇ ಹೆರಿಗೆಯಾಯಿತು. ಹೆಣ್ಣುಮಗು. ವಿಮಾನದ ಕರೆಹೆಸರನ್ನೇ ಇಟ್ಟು ಮಗುವನ್ನು ರೀಚ್ ಎಂದು ಕರೆದರು.

ಇಂಥ ಕತೆಗಳಿಂದಾಗಿ ಈ ಆಸ್ಪತ್ರೆ ಯುದ್ಧದ ಆಸ್ಪತ್ರೆಯೆಂದೇ ಪ್ರಪಂಚಕ್ಕೆ ಗೊತ್ತು. ಆದರೆ ಮಾಮೂಲಿ ದಿನದಲ್ಲಿ ಅದರ ಕಾರಿಡಾರಿನಲ್ಲಿ ನಿಂತರೆ ಕಾಣುವವರು ಬಸುರಿಯರು, ಕೆಮ್ಮುವ ಮಕ್ಕಳು, ಬಿಪಿ ಮಾತ್ರೆಗೆ ಬಂದ ನಿವೃತ್ತರು. ಸುತ್ತಮುತ್ತಲ ಊರುಗಳಲ್ಲಿ ಸೈನಿಕರು, ಹೆಂಡತಿ ಮಕ್ಕಳು, ಸಿವಿಲ್ ನೌಕರರು ಸೇರಿ 50,000ಕ್ಕೂ ಹೆಚ್ಚು ಅಮೆರಿಕನ್ನರಿದ್ದಾರೆ. ಆ ಲೆಕ್ಕದಲ್ಲಿ, ಕೈಯಲ್ಲಿ ಭಾರತದ ಪಾಸ್‌ಪೋರ್ಟ್ ಹಿಡಿದ ಅರಕಲಗೂಡಿನ ನಾನೂ ಒಬ್ಬಳಾಗಿದ್ದೆ. ನಮ್ಮವರು ಚಿಕ್ಕವರಿದ್ದಾಗಲೇ ತಂದೆತಾಯಿಯ ಜೊತೆ ಟೆಕ್ಸಾಸಿಗೆ ಹೋಗಿ, ಅಲ್ಲಿ ಓದಿ, ಸೇನೆ ಸೇರಿದವರು. ಮದುವೆಯಾಗಿ ನಾನು ಅಮೆರಿಕ ನೋಡಿದ್ದಕ್ಕಿಂತ ಹೆಚ್ಚಾಗಿ ಅವರ ಪೋಸ್ಟಿಂಗಿನ ಜರ್ಮನಿಯನ್ನೇ ನೋಡಿದೆ.

ಸೈನಿಕನ ಮನೆ ನನಗೆ ಹೊಸದಲ್ಲ. ಅಪ್ಪ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಸುಬೇದಾರರಾಗಿದ್ದರು. ಬೆಂಗಳೂರಿನ ಹಲಸೂರಿನಲ್ಲಿದ್ದಾಗ ನನಗೆ ಜ್ವರ ಬಂದರೆ ಅಮ್ಮ ನೇರ ಸೇನೆಯ ದವಾಖಾನೆಯಾದ ಎಂ.ಐ. ರೂಮಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಆಗದಿದ್ದರೆ ಹಳೆ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಆಸ್ಪತ್ರೆಗೆ ಚೀಟಿ. ಆ ಚೀಟಿಯ ತಲೆಯಲ್ಲಿ ಅಪ್ಪನ ನಂಬರು, ಅಪ್ಪನ ರ‍್ಯಾಂಕು, ಅಪ್ಪನ ಹೆಸರು. ಕೆಳಗೆಲ್ಲೋ ಮಗಳು ಎಂದು ನಾನು. ಅಪ್ಪ ಗಡಿಯಲ್ಲಿದ್ದ ವರ್ಷಗಳಲ್ಲಿ ಅಮ್ಮ ಅಪ್ಪನ ಹೆಸರಿನ ಆಸ್ಪತ್ರೆ ಕಾರ್ಡನ್ನು ತಾಳಿಯಷ್ಟೇ ಜೋಪಾನವಾಗಿ ಇಟ್ಟುಕೊಂಡಿದ್ದರು.

ಅಮೆರಿಕದ ಸೇನೆಯಲ್ಲೂ ವ್ಯವಸ್ಥೆಯ ಬುಡ ಇದೇ. ಗಂಡನಿಗೆ ಹೊರದೇಶಕ್ಕೆ ಹೋಗಲು ಬರುವ ಆರ್ಡರಿನಲ್ಲಿ ಹೆಂಡತಿಯ ಹೆಸರಿರಬೇಕು. ಹಾಗೆ ಹೆಸರು ಸೇರಿಸುವುದನ್ನು ಕಮಾಂಡ್ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ. ಅದಕ್ಕೂ ಮುಂಚೆ ಇಡೀ ಮನೆಯವರ ವೈದ್ಯಕೀಯ ತಪಾಸಣೆ ಆಗಬೇಕು. ಹೆಂಡತಿಗೋ ಮಕ್ಕಳಿಗೋ ದೀರ್ಘಕಾಲದ ಕಾಯಿಲೆ ಇದ್ದು, ಹೋಗುವ ಊರಿನಲ್ಲಿ ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಸಂಸಾರ ಹೊರಡುವಂತಿಲ್ಲ. ಹೆಸರು ಸೇರಿತೆಂದರೆ ಟ್ರೈಕೇರ್ ಎಂಬ ಸೇನಾ ವಿಮೆಯ ಹೊರದೇಶದ ಶಾಖೆಯಲ್ಲಿ ನೋಂದಣಿ, ಆಸ್ಪತ್ರೆಯಲ್ಲಿ ನಮ್ಮದೇ ಡಾಕ್ಟರು, ಜರ್ಮನಿಯಲ್ಲಿ ಇರಲು ಪಾಸ್‌ಪೋರ್ಟಿನಲ್ಲಿ ಮುದ್ರೆ. ಸೇರದಿದ್ದರೂ ಹೆಂಡತಿ ಸ್ವಂತ ಖರ್ಚಿನಲ್ಲಿ ಗಂಡನಿದ್ದಲ್ಲಿಗೆ ಬರಬಹುದು, ಆದರೆ ಸೇನಾ ಆಸ್ಪತ್ರೆಯಲ್ಲಿ ಅವಳಿಗೆ ಸಿಗುವುದು ಉಳಿದವರಿಗೆಲ್ಲ ಕೊಟ್ಟು ಮಿಕ್ಕ ಸಮಯ. ಒಳಗೂ ಸರದಿಯಿದೆ. ಸಮವಸ್ತ್ರದವರು ಮೊದಲು, ಆಮೇಲೆ ನೋಂದಣಿಯಾದ ಅವರ ಸಂಸಾರ, ಅದಾದ ಮೇಲೆ ಮಿಕ್ಕವರು. ಸೇನೆಯ ಆಸ್ಪತ್ರೆ ಸೈನಿಕನಿಗಾಗಿ ಇರುವುದು, ಅದರಲ್ಲಿ ತಕರಾರಿಲ್ಲ. ನನ್ನ ಮಾತು ಆ ಸರದಿಯ ಕೊನೆಯಲ್ಲಿ ಏನಾಗುತ್ತದೆ ಎಂಬುದರ ಬಗ್ಗೆ.

ಸರದಿಯ ಕೊನೆಯಲ್ಲಿ ಜರ್ಮನಿ ಇದೆ. ಗುಡ್ಡದ ಮೇಲೆ ಜಾಗವಿಲ್ಲದಾಗ, ಬೇಕಾದ ತಜ್ಞರಿಲ್ಲದಾಗ, ಒಂದು ರೆಫರಲ್ ಬರೆದು ಊರಿನ ಜರ್ಮನ್ ಡಾಕ್ಟರ ಹತ್ತಿರ ಕಳಿಸುತ್ತಾರೆ. ಹಾಗೆ ನಾನು ನನ್ನ ಮೊದಲ ಬಸುರಿನಲ್ಲಿ ಗುಡ್ಡ ಇಳಿದೆ. ಜರ್ಮನ್ ಡಾಕ್ಟರು ಮೊದಲ ಭೇಟಿಯಲ್ಲೇ ಒಂದು ಸಣ್ಣ ಪುಸ್ತಕ ಕೊಟ್ಟು, ಹೆರಿಗೆಯಾಗುವವರೆಗೂ ಯಾವಾಗಲೂ ಜೊತೆಯಲ್ಲಿರಲಿ ಎಂದರು. ರಕ್ತದ ಗುಂಪು, ತೂಕ, ಒತ್ತಡ, ಮಗುವಿನ ಬೆಳವಣಿಗೆಯ ಗೆರೆ, ಎಲ್ಲ ಅದರಲ್ಲಿ. ನಮ್ಮೂರಿನ ಆರೋಗ್ಯ ಕೇಂದ್ರದಲ್ಲಿ ಕೊಡುವ ತಾಯಿ ಕಾರ್ಡ್ ನೋಡಿದ್ದ ನನಗೆ ಅದು ಪರಕೀಯ ಅನ್ನಿಸಲಿಲ್ಲ. ನನ್ನ ಅಮೆರಿಕನ್ ಗೆಳತಿಯರು ಮಾತ್ರ ಅದನ್ನು ತಿರುವಿ ತಿರುವಿ ನೋಡಿದರು. ದಾಖಲೆಯೆಲ್ಲ ಆಸ್ಪತ್ರೆಯ ಕಂಪ್ಯೂಟರಿನಲ್ಲಿರುವುದೇ ಅವರಿಗೆ ರೂಢಿ.

ನನಗೆ ಹೊಂದಿಕೊಳ್ಳಲು ಸಮಯ ಹಿಡಿದದ್ದು ಬೇರೆ ವಿಷಯಕ್ಕೆ. ಗುಡ್ಡದ ಮೇಲೆ ಪರೀಕ್ಷೆಗೆ ಮುಂಚೆ ಮೈಮುಚ್ಚಲು ಗೌನ್ ಕೊಟ್ಟು ನರ್ಸ್ ಬಾಗಿಲು ಎಳೆದುಕೊಂಡು ಹೋಗುತ್ತಾರೆ. ಜರ್ಮನ್ ಕ್ಲಿನಿಕ್ಕಿನಲ್ಲಿ ಗೌನ್ ಇಲ್ಲ. ಬಟ್ಟೆ ಬಿಚ್ಚಿ ಬನ್ನಿ ಎನ್ನುತ್ತಾರೆ, ಬರಬೇಕು. ಡಾಕ್ಟರಿಗೆ ಅದು ಕೈ ತೊಳೆಯುವಷ್ಟೇ ಸಹಜ. ಉದ್ದನೆಯ ಕುರ್ತಾ ಹಾಕಿಕೊಂಡು ಹೋದರೆ ಮೇಲಿನದನ್ನು ತೆಗೆಯದೆಯೇ ಕೆಲಸವಾಗುತ್ತದೆ ಎಂದು ನಾನು ಕಂಡುಕೊಂಡೆ. ಆಮೇಲೆ ಅಂಕಿಗಳು. ಜ್ವರ 101 ಎಂದರೆ ಅಮೆರಿಕದ ನರ್ಸಿಗೆ ತಕ್ಷಣ ಗೊತ್ತಾಗುತ್ತದೆ, ನಮ್ಮ ಊರಿನ ಕಾಂಪೌಂಡರಿಗೆ ಗೊತ್ತಾಗುವ ಹಾಗೆಯೇ. ಜರ್ಮನ್ ಡಾಕ್ಟರಿಗೆ 38.3 ಎನ್ನಬೇಕು. ತೂಕ 64 ಕಿಲೋ ಎಂದರೆ ಜರ್ಮನ್ನರಿಗೆ ಸಲೀಸು, ಗುಡ್ಡದ ಮೇಲೆ ಅದೇ 141 ಪೌಂಡ್. ನನಗೆ ಹೇಳಿದ್ದ ಹೆರಿಗೆಯ ದಿನ ಮಾರ್ಚ್ 4. ಜರ್ಮನ್ ಪುಸ್ತಕದಲ್ಲಿ ಅದು 04.03, ಗುಡ್ಡದ ಕಾಗದದಲ್ಲಿ 03/04. ಓದುವವರು ಅವಸರದಲ್ಲಿದ್ದರೆ ಮಗು ಒಂದು ತಿಂಗಳು ಆಚೆ ಹೋಗುತ್ತದೆ.

ಇವು ಸಣ್ಣ ವಿಷಯಗಳಲ್ಲ. ಇದೇ ಸುತ್ತಿನಲ್ಲಿ ಒಂದು ದೊಡ್ಡ ದುರಂತ ಆ ಪಾಠ ಕಲಿಸಿದೆ. 1988ರ ಆಗಸ್ಟ್ 28ರಂದು ರಾಮ್‌ಸ್ಟೈನ್ ವಾಯುನೆಲೆಯ ವೈಮಾನಿಕ ಪ್ರದರ್ಶನದಲ್ಲಿ ಇಟಲಿಯ ವಾಯುಪಡೆಯ ಮೂರು ವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದವು. ಒಂದು ಉರಿಯುತ್ತ ಬಂದು ಪ್ರೇಕ್ಷಕರ ಮೇಲೆ ಬಿತ್ತು. 70 ಜನ ಸತ್ತರು, ನೂರಾರು ಜನರ ಮೈ ಸುಟ್ಟಿತು. ಅಮೆರಿಕದವರೂ ಜರ್ಮನ್ನರೂ ಓಡಿಬಂದು ಕೈ ಹಾಕಿದರು, ಆದರೆ ರಕ್ತನಾಳಕ್ಕೆ ಚುಚ್ಚಿದ ಅಮೆರಿಕದ ಸೂಜಿಗೆ ಜರ್ಮನ್ನರ ನಳಿಕೆ ಕೂಡಲಿಲ್ಲ. ಸುಟ್ಟವರ ಮೈಗೆ ಒಂದೊಂದು ನಿಮಿಷವೂ ನೀರು ಇಳಿಯಬೇಕಾದ ಹೊತ್ತಿನಲ್ಲಿ ಎರಡು ದೇಶಗಳ ಅಳತೆ ಬೇರೆ ಬೇರೆಯಾಗಿತ್ತು. ಎರಡೂ ಕಡೆ ಒಳ್ಳೆಯ ಡಾಕ್ಟರಿದ್ದರು, ಒಳ್ಳೆಯ ಔಷಧವಿತ್ತು. ನಡುವೆ ಜೋಡಿಸುವ ತುಂಡು ಇರಲಿಲ್ಲ.

ನನ್ನ ಮಟ್ಟಿಗೆ ಆ ತುಂಡಾಗಿ ಬಂದವರು ಒಬ್ಬ ಜರ್ಮನ್ ಹೆಂಗಸು. ಗುಡ್ಡದ ಆಸ್ಪತ್ರೆ ಎರಡೂ ಭಾಷೆ ಬಲ್ಲವರನ್ನು ಕೆಲಸಕ್ಕಿಟ್ಟುಕೊಂಡು, ಜರ್ಮನ್ ಆಸ್ಪತ್ರೆಗಳಲ್ಲಿ ಮಲಗಿರುವ ನಮ್ಮಂಥವರ ಬಳಿಗೆ ಕಳಿಸುತ್ತದೆ. ರೋಗಿಗಳ ಸಂಪರ್ಕದವರು ಎಂದು ಅವರ ಹುದ್ದೆ. ನನ್ನ ಪಾಲಿಗೆ ಬಂದವರಿಗೆ ಅರವತ್ತರ ಹತ್ತಿರ ವಯಸ್ಸು, ಗಿಡ್ಡ ಕೂದಲು, ಕುತ್ತಿಗೆಗೆ ದಾರದಲ್ಲಿ ನೇತುಹಾಕಿದ ಕನ್ನಡಕ. ಎಂಟು ತಿಂಗಳು ತುಂಬುವ ಹೊತ್ತಿಗೆ ನನ್ನ ಪಾದ ಊದಿಕೊಂಡು, ಮೂತ್ರದಲ್ಲಿ ಪ್ರೋಟೀನ್ ಕಂಡು, ಒತ್ತಡ 150 ದಾಟಿತ್ತು. ಬಸುರಿನಲ್ಲಿ ಹೀಗೆ ಏರುವ ಒತ್ತಡ ಕೈಮೀರಿದರೆ ಫಿಟ್ಸ್ ಬರಬಹುದು, ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯ. 37 ವಾರ ತುಂಬಿದ ಕೂಡಲೆ ನೋವು ಬರಿಸಿ ಹೆರಿಗೆ ಮಾಡಿಸಬೇಕು ಎಂದರು ಡಾಕ್ಟರು. ಅವರು ಇಂಗ್ಲಿಷಿನಲ್ಲೇ ಹೇಳಿದರು, ಚೆನ್ನಾಗಿಯೇ ಹೇಳಿದರು. ಆದರೆ ಸಹಿ ಹಾಕಬೇಕಾದ ಕಾಗದಗಳು ಜರ್ಮನ್‌ನಲ್ಲಿದ್ದವು, ಪುಟಗಟ್ಟಲೆ.

ಆಕೆ ಕುರ್ಚಿ ಎಳೆದುಕೊಂಡು ಹಾಸಿಗೆಯ ಪಕ್ಕ ಕೂತರು. ಪೆನ್ಸಿಲ್ಲಿನ ತುದಿಯನ್ನು ಸಾಲಿನ ಕೆಳಗೆ ಇಟ್ಟು ಓದುವುದು, ಇಂಗ್ಲಿಷಿನಲ್ಲಿ ಹೇಳುವುದು, ನಿಲ್ಲಿಸಿ ನನ್ನ ಮುಖ ನೋಡುವುದು. ಬೆನ್ನಿಗೆ ಅರಿವಳಿಕೆ ಕೊಡುವ ಭಾಗಕ್ಕೆ ಬಂದಾಗ ನನಗೆ ಭಯವಾದದ್ದು ಗೊತ್ತಾಗಿ ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದರು. ಎಲ್ಲ ಮುಗಿದ ಮೇಲೆ ಪೆನ್ನು ಕೊಡಲಿಲ್ಲ. "ಈಗ ನೀವು ಹೇಳಿ, ನಾಳೆ ಏನು ಮಾಡುತ್ತಾರೆ? ಆಗದಿದ್ದರೆ ಮುಂದೇನು?" ಎಂದು ಕೇಳಿದರು. ನಾನು ತಿಳಿದಷ್ಟು ಹೇಳಿದೆ. ಒಂದು ಕಡೆ ತಪ್ಪಿದಾಗ ತಿದ್ದಿದರು. ಆಮೇಲೇ ಸಹಿ. ಆ ಆಸ್ಪತ್ರೆಯಲ್ಲಿ ನನಗೆ ಕೊಟ್ಟ ಯಾವ ಮಾತ್ರೆಗಿಂತಲೂ ಕಡಿಮೆಯಲ್ಲದ ಔಷಧ ಅದು ಎಂದು ಇಂದಿಗೂ ನಂಬಿದ್ದೇನೆ.

ಆದರೆ ಆಕೆಯ ಕೆಲಸದ ಹೊತ್ತು ಹಗಲು. ಈ ಸಹಿಗೂ ಕೆಲವು ದಿನ ಮುಂಚಿನ ಒಂದು ರಾತ್ರಿ ನನಗೆ ತಲೆ ಸಿಡಿಯಿತು, ಕಣ್ಣ ಮುಂದೆ ಮಿಣಮಿಣ ಬೆಳಕು. ನಮ್ಮವರು ತರಬೇತಿಗೆಂದು ಪೋಲೆಂಡಿನಲ್ಲಿದ್ದರು. ಬೇಸಿನ ಹೊರಗೆ ಬಾಡಿಗೆ ಮನೆಯಲ್ಲಿರುವವರು ತುರ್ತಿಗೆ ಕರೆಯಬೇಕಾದ್ದು 112, ಜರ್ಮನ್ ಆಂಬುಲೆನ್ಸು. ಅದು ಗುಡ್ಡದ ಮೇಲಕ್ಕೇ ಹೋಗಬೇಕೆಂದಿಲ್ಲ, ಹತ್ತಿರದ ಆಸ್ಪತ್ರೆಗೆ ಹೋಗುತ್ತದೆ. ಮೆಟ್ಟಿಲು ಹತ್ತಿಬಂದ ಇಬ್ಬರು ಹುಡುಗರು ನನ್ನ ಪುಸ್ತಕ ತೆರೆದು ನೋಡಿ, ಒಂದೂ ಮಾತು ದಂಡ ಮಾಡದೆ ನನ್ನನ್ನು ಸ್ಟ್ರೆಚರಿಗೆ ಹಾಕಿದರು. ಆ ಪುಸ್ತಕ ನನ್ನ ಪರವಾಗಿ ಜರ್ಮನ್ ಮಾತಾಡಿತು. ಅದರಲ್ಲಿಲ್ಲದ್ದನ್ನು ನಾನು ಹೇಳಬೇಕಿತ್ತು. ನೋವು ಎಲ್ಲಿ ಶುರುವಾಯಿತು, ಯಾವ ಮಾತ್ರೆ ತೆಗೆದುಕೊಂಡೆ, ಯಾವುದು ನನಗೆ ಆಗಿಬರುವುದಿಲ್ಲ. ರಾತ್ರಿ ಪಾಳಿಯ ನರ್ಸಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಜರ್ಮನ್ ಅಷ್ಟಕ್ಕಷ್ಟೆ. ಇಬ್ಬರೂ ಫೋನಿನ ಪರದೆ ತೋರಿಸಿಕೊಳ್ಳುತ್ತ ಬೆಳಗು ಮಾಡಿದೆವು. ಆಕೆ ಬಹಳ ಮೆತ್ತಗಿನ ಮನಸ್ಸಿನವರು, ಹೋಗುವಾಗ ಕಾಲಿನ ಹೊದಿಕೆ ಸರಿಮಾಡಿ ಹೋದರು. ಆದರೂ ನನ್ನ ದೂರು ದೂರೇ. ಬಸುರಿಯರ ಒತ್ತಡ ಗಡಿಯಾರ ನೋಡಿ ಏರುವುದಿಲ್ಲ. ಸಂಸಾರಗಳನ್ನು ಪರದೇಶಕ್ಕೆ ಕರೆತರುವ ಸೇನೆ, ಯಾವ ದೇಶದ್ದೇ ಆಗಲಿ, ಡಾಕ್ಟರ ರಾತ್ರಿ ಪಾಳಿ ಹಾಕುವಾಗ ಮಾತು ದಾಟಿಸುವವರದ್ದೂ ಹಾಕಬೇಕು.

ಗಂಡನನ್ನು ಕರೆಸುವುದಕ್ಕೂ ಒಂದು ಕ್ರಮವಿದೆ. ಈಗ ಫೋನಿನಲ್ಲಿ ಸುದ್ದಿ ಕ್ಷಣದಲ್ಲಿ ಮುಟ್ಟುತ್ತದೆ, ಆದರೆ ಬರಿಯ ಫೋನಿನ ಮೇಲೆ ರಜೆ ಸಿಗುವುದು ಕಷ್ಟ. ಅಮೆರಿಕನ್ ರೆಡ್ ಕ್ರಾಸಿನವರು ಆಸ್ಪತ್ರೆಯ ಜೊತೆ ಮಾತಾಡಿ, ವಿಷಯ ನಿಜವೆಂದು ಖಚಿತ ಮಾಡಿಕೊಂಡು, ಸೈನಿಕನ ಅಧಿಕಾರಿಗೆ ಸಂದೇಶ ಕಳಿಸುತ್ತಾರೆ. ರಜೆ ಕೊಡುವುದು ಬಿಡುವುದು ಅಧಿಕಾರಿಯ ತೀರ್ಮಾನ. ನಮ್ಮವರಿಗೆ ಕೊಟ್ಟರು. ಹೆರಿಗೆಯ ಹಿಂದಿನ ಸಂಜೆ ಬೂಟು ಸಮೇತ ವಾರ್ಡಿಗೆ ಬಂದರು. ಹಾಗೆ ಬರಲಾಗದವರ ಹೆಂಡತಿಯರೂ ಅದೇ ವಾರ್ಡಿನಲ್ಲಿದ್ದರು, ಅದನ್ನೂ ಬರೆಯಬೇಕು.

ಮಗಳು ಮಧ್ಯಾಹ್ನ ಹುಟ್ಟಿದಳು. ಜರ್ಮನಿಯ ಕಾನೂನಿನಂತೆ, ತೀರಾ ತುರ್ತಿನ ಹೊತ್ತು ಬಿಟ್ಟರೆ, ಡಾಕ್ಟರು ಕೂಡ ಸೂಲಗಿತ್ತಿಯಿಲ್ಲದೆ ಹೆರಿಗೆ ಮಾಡಿಸುವಂತಿಲ್ಲ. ಕಲಿತು ಪರವಾನಗಿ ಪಡೆದ ಸೂಲಗಿತ್ತಿಯೇ ಇಡೀ ಹೊತ್ತು ನನ್ನ ಸೊಂಟ ನೀವುತ್ತ ನಿಂತಿದ್ದರು. ಡಾಕ್ಟರು ಕೊನೆಗೆ ಬಂದು ಹೋದರು. ಸಂಜೆ ಊಟ ಬಂತು. ಕಂದುಬಣ್ಣದ ಗಟ್ಟಿ ಬ್ರೆಡ್ಡು, ಚೀಸಿನ ಹಾಳೆ, ಸೌತೆಕಾಯಿ ಹೋಳು. ಅಲ್ಲಿ ಬಿಸಿ ಊಟ ಮಧ್ಯಾಹ್ನಕ್ಕೆ, ರಾತ್ರಿಗೆ ಬ್ರೆಡ್ಡು. ಕಿಟಕಿ ಬೇರೆ ತೆರೆದಿತ್ತು. ಫೆಬ್ರವರಿಯಲ್ಲೂ ದಿನಕ್ಕೆ ಕೆಲವು ಸಲ ಹೊರಗಿನ ಗಾಳಿ ಆಡಲೇಬೇಕು ಅವರಿಗೆ. ವಿಡಿಯೋ ಕರೆಯಲ್ಲಿ ಅಮ್ಮನ ಕಣ್ಣಿಗೆ ತಟ್ಟೆಯೂ ಬಿತ್ತು, ಕಿಟಕಿಯೂ ಬಿತ್ತು.

"ಏನೇ ಅದು? ಬಾಣಂತಿಗೆ ತಣ್ಣನೆ ಬ್ರೆಡ್ಡಾ? ಮೊದ್ಲು ಆ ಕಿಟಕಿ ಹಾಕ್ಸೇ, ಕಿವಿಗೆ ಹತ್ತಿ ಇಟ್ಕೋ."

ಅಮ್ಮನ ವೀಸಾ ಸಮಯಕ್ಕೆ ಬಂದಿರಲಿಲ್ಲ. ಹಂಡೆ ನೀರು ಕಾಯಿಸಿ ಎರೆಯುವುದು, ಸಾಂಬ್ರಾಣಿ ಹೊಗೆ, ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪಿನ ಸಾರು, ಹೊಟ್ಟೆಗೆ ಸೀರೆ ಸುತ್ತುವುದು, ಎಲ್ಲವನ್ನೂ ನನಗಾಗಿ ಮನಸ್ಸಿನಲ್ಲಿ ಸಿದ್ಧ ಮಾಡಿಟ್ಟುಕೊಂಡಿದ್ದವರಿಗೆ ಪರದೆಯಲ್ಲಿ ನೋಡುವುದಷ್ಟೇ ಉಳಿದಿತ್ತು. ಅವರ ಕೋಪದಲ್ಲಿದ್ದ ಸಂಕಟ ನನಗೆ ತಿಳಿಯುತ್ತಿತ್ತು.

ಅಮ್ಮನ ಸಂಕಟವನ್ನು ಸ್ವಲ್ಪ ಇಳಿಸಿದವರು ಮನೆಗೆ ಬರತೊಡಗಿದ ಸೂಲಗಿತ್ತಿ. ಜರ್ಮನಿಯಲ್ಲಿ ಹೆತ್ತವಳನ್ನು ಮನೆಗೆ ಕಳಿಸಿ ಕೈಬಿಡುವುದಿಲ್ಲ. ಅಲ್ಲಿನ ಸರ್ಕಾರಿ ವಿಮೆಯಿರುವ ತಾಯಂದಿರಿಗೆ ಮೊದಲ ಹತ್ತು ದಿನ ಬೇಕಿದ್ದರೆ ದಿನವೂ, ಆಮೇಲೆ ಹನ್ನೆರಡು ವಾರದವರೆಗೂ ಸೂಲಗಿತ್ತಿಯ ಭೇಟಿ ಹಕ್ಕು. ಸೇನಾ ಸಂಸಾರಗಳ ವಿಮೆಯ ಲೆಕ್ಕ ಬೇರೆ, ನಾನು ಹಣ ಕೊಟ್ಟು ರಸೀದಿ ಇಟ್ಟುಕೊಂಡೆ. ಕೊಟ್ಟ ಒಂದೊಂದು ಯೂರೋಗೂ ಬೆಲೆಯಿತ್ತು. ಅವರು ಸೈಕಲ್ಲಿನಲ್ಲಿ ಬರುತ್ತಿದ್ದರು. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ನನ್ನ ಹೊಟ್ಟೆ ಮುಟ್ಟಿ ಗರ್ಭ ಎಷ್ಟು ಇಳಿದಿದೆ ಎಂದು ಬೆರಳಿನಲ್ಲಿ ಅಳೆಯುತ್ತಿದ್ದರು. ಮಗುವನ್ನು ಬಟ್ಟೆಯ ಜೋಲಿಯಲ್ಲಿಟ್ಟು, ಜೋಲಿಯನ್ನು ಕೈತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿ ಎತ್ತಿ ಹಿಡಿಯುತ್ತಿದ್ದರು. ಮುಳ್ಳು ನಿಲ್ಲುವವರೆಗೆ ನಾವು ಉಸಿರು ಬಿಡುತ್ತಿರಲಿಲ್ಲ. ಒಂದು ದಿನ ನನ್ನ ಎದೆ ಕಲ್ಲಾಗಿ ಕೆಂಪೇರಿದಾಗ, ಫ್ರಿಜ್ಜಿನಿಂದ ಕ್ವಾರ್ಕ್ ತರಿಸಿ, ನೀರಿಳಿಸಿದ ಗಟ್ಟಿ ಮೊಸರಿನಂಥ ಅದನ್ನು ಬಟ್ಟೆಗೆ ಸವರಿ ಪಟ್ಟು ಹಾಕಿದರು. ಹಾಲು ಬರಲೆಂದು ಕುಡಿಯಲು ಹೇಳಿದ ಕಷಾಯದಲ್ಲಿ ಇದ್ದದ್ದು ಸೋಂಪು, ಶಾಹಿಜೀರಿಗೆ. ಅಮ್ಮ ಪೊಟ್ಟಣವನ್ನು ಪರದೆಗೆ ಹತ್ತಿರ ಹಿಡಿಸಿ ನೋಡಿ, "ಆಯಮ್ಮ ತಿಳಿದೋಳು ಕಣೇ, ಹೇಳಿದ ಹಾಗೆ ಕೇಳು" ಎಂದರು. ಅಂದಿನಿಂದ ಕಿಟಕಿಯ ಮಾತು ನಿಂತಿತು.

ಕಾಗದದ ಕೆಲಸ ಮಾತ್ರ ಮಗು ಬಂದ ಮೇಲೆ ಇಮ್ಮಡಿಯಾಯಿತು. ಊರಿನ ಜನನ ನೋಂದಣಿ ಕಚೇರಿಯ ಪ್ರಮಾಣಪತ್ರ, ಅದನ್ನಿಟ್ಟುಕೊಂಡು ಅಮೆರಿಕದ ಕಾನ್ಸುಲೇಟಿನಲ್ಲಿ ಹೊರದೇಶದ ಜನನ ದಾಖಲೆ, ಪಾಸ್‌ಪೋರ್ಟ್, ಆಮೇಲೆ ಸೇನೆಯ ಪಟ್ಟಿಯಲ್ಲಿ ಅವಳ ಹೆಸರು. ಆ ಪಟ್ಟಿಗೆ ಸೇರುವವರೆಗೆ ಮಗುವಿನ ಲಸಿಕೆಗೂ ಪ್ರಶ್ನೆ. ಅಂಥ ಒಂದು ದಿನ ಒಂದು ಕ್ಲಿನಿಕ್ಕಿನ ಕೌಂಟರಿನಲ್ಲಿ, ರೆಫರಲ್ಲಿನ ಫ್ಯಾಕ್ಸ್ ತಲುಪಿಲ್ಲವೆಂದು ಹಸುಗೂಸನ್ನು ಎತ್ತಿಕೊಂಡಿದ್ದ ನನ್ನನ್ನು ಬೆಳಿಗ್ಗೆಯಿಂದ ನಿಲ್ಲಿಸಿದರು. ಬೈಯಲಿಲ್ಲ, ಕೂಗಾಡಲಿಲ್ಲ, ಬರಿಯ ಇಲ್ಲ ಎಂದರು. ಗುಡ್ಡಕ್ಕೆ ಫೋನ್ ಮಾಡಿದರೆ ಕಳಿಸಿದ್ದೇವೆ ಎಂಬ ಉತ್ತರ. ಎರಡೂ ಕಡೆಯವರ ಮಾತು ನಿಜವಿರಬಹುದು. ಆ ಕನ್ನಡಕದ ಹೆಂಗಸಿಗೆ ಫೋನ್ ಮಾಡಿದೆ. ಅವರು ಎರಡೂ ಕಡೆ ಮಾತಾಡಿ, ಹತ್ತು ನಿಮಿಷದಲ್ಲಿ ಇನ್ನೊಂದು ಪ್ರತಿ ತರಿಸಿದರು. ಗಂಡನ ರ‍್ಯಾಂಕಿನಿಂದ ಸಿಗದ್ದು, ಕಾರ್ಡಿನಿಂದ ಸಿಗದ್ದು, ಇಬ್ಬರ ಭಾಷೆಯೂ ಇಬ್ಬರ ರೀತಿಯೂ ಗೊತ್ತಿದ್ದ ಒಬ್ಬರಿಂದ ಸಿಕ್ಕಿತು. ಇಂಥವರ ಕೆಲಸವನ್ನು ಖರ್ಚು ಎಂದು ಬರೆಯುವ ಲೆಕ್ಕದ ಪುಸ್ತಕ ತಪ್ಪು ಲೆಕ್ಕದ ಪುಸ್ತಕ.

ಮುಂದಿನ ಬೇಸಿಗೆಯಲ್ಲಿ ನಮ್ಮ ಕಟ್ಟಡಕ್ಕೆ ನೇಪಾಳದ ಒಂದು ಹುಡುಗಿ ಬಂದಳು. ಗಂಡ ಸಪ್ಲೈ ವಿಭಾಗದ ಸೈನಿಕ, ಬಂದ ತಿಂಗಳೇ ಹೊರಗಿನ ತರಬೇತಿಗೆ ಹೋಗಿದ್ದ. ಅವಳಿಗೆ ಐದು ತಿಂಗಳು. ಜರ್ಮನ್ ಬಾರದು, ಇಂಗ್ಲಿಷಿನಲ್ಲಿ ಕೇಳಿದ್ದಕ್ಕೆಲ್ಲ ಹೌದು ಎನ್ನುವಳು. ಹಿಂದಿಯಲ್ಲಿ ಮಾತ್ರ ಬಾಯಿ ತುಂಬ ಮಾತು. "ದೀದಿ, ಗುರುವಾರ ನನ್ನ ಜೊತೆ ಬರ್ತೀರಾ?" ಎಂದು ಕೇಳಿದಳು. ಬುಧವಾರ ಸಂಜೆ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಅವಳ ಪುಸ್ತಕ, ಆರ್ಡರಿನ ಪ್ರತಿ, ರೆಫರಲ್ಲಿನ ಎರಡು ಪ್ರತಿ ಜೋಡಿಸಿಟ್ಟೆವು, ಒಂದು ಫ್ಯಾಕ್ಸಿಗೆ, ಒಂದು ಕೈಗೆ. ಕೇಳಬೇಕಾದ ಪ್ರಶ್ನೆಗಳನ್ನು ಅವಳು ಹಿಂದಿಯಲ್ಲಿ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಬರೆದು, ಗೊತ್ತಿದ್ದಷ್ಟನ್ನು ಜರ್ಮನ್‌ನಲ್ಲೂ ಬರೆದೆ. ಹೆರಿಗೆಯ ತಾರೀಖನ್ನು ಅಂಕಿಯಲ್ಲಿ 09.11 ಎಂದು ಇದ್ದದ್ದರ ಪಕ್ಕ ನವೆಂಬರ್ ಎಂದು ಅಕ್ಷರದಲ್ಲಿ ಸೇರಿಸಿದೆವು. ಉದ್ದನೆಯ ಕುರ್ತಾ ಹಾಕಿಕೋ ಎಂದೆ. ರಾತ್ರಿ ಹೊತ್ತು ಏನಾದರೂ ಆದರೆ ಯಾರನ್ನು ಕರೆಯಲಿ ಎಂದು ಕೇಳಿದಳು. ಮೊದಲು 112 ಎಂದು ಬರೆದು, ಅದರ ಕೆಳಗೆ ನನ್ನ ನಂಬರು ಬರೆದೆ.